ಸುಮ್ಮನೆ ಬಂದವಳು

ಆ ಕಟ್ಟಡದಲ್ಲಿ ಅವಳ ಹೆಸರು ಗೊತ್ತಿದ್ದವರು ಇಬ್ಬರೋ ಮೂವರೋ. ಉಳಿದವರಿಗೆಲ್ಲ ಅವಳು ಜಿಪ್ಪಕ್ಕ. ಪ್ಯಾಂಟಿನ ಜಿಪ್ಪು ಕೈಕೊಟ್ಟರೆ, ಮಗುವಿನ ಶಾಲೆಯ ಚೀಲ ಮುಚ್ಚಿಕೊಳ್ಳದೆ ಬಾಯಿ ಕಳೆದು ನಿಂತರೆ, ಜಾಕೆಟ್ಟಿನ ಜಿಪ್ಪೆಳೆಯುವ ರನ್ನರು ಅರ್ಧ ದಾರಿಯಲ್ಲಿ ಮುಷ್ಕರ ಹೂಡಿದರೆ, ಎಲ್ಲರ ಬಾಯಲ್ಲೂ ಒಂದೇ ಮಾತು: ಮೂರನೇ ಮಹಡಿಗೆ ಹೋಗಿ, ಜಿಪ್ಪಕ್ಕ ಇದ್ದಾರೆ. ಮೊದಮೊದಲು ಈ ಹೆಸರು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಕೋಟಿನಿಂದ ಹಿಡಿದು ಕೂಸಿನ ಅಂಗಿಯವರೆಗೆ ಹೊಲಿಯಬಲ್ಲವಳನ್ನು ಒಂದು ಗೇಣು ಜಿಪ್ಪಿಗೆ ಇಳಿಸಿಬಿಟ್ಟರಲ್ಲ ಎಂದು. ಆಮೇಲೆ ರೂಢಿಯಾಯಿತು. ಸ್ವಂತ ಮಗಳೇ ತನ್ನ ಫೋನಿನಲ್ಲಿ ಅಮ್ಮನ ನಂಬರನ್ನು ಅದೇ ಹೆಸರಿನಲ್ಲಿ ಇಟ್ಟುಕೊಂಡಿದ್ದಾಳೆ ಎಂದು ಗೊತ್ತಾದ ದಿನ ಅವಳೂ ನಕ್ಕುಬಿಟ್ಟಳು.

ಬಾಗಿಲು ತೆರೆದರೆ ಎದುರಿಗೇ ಮುಂದಿನ ಕೋಣೆ, ಕಿಟಕಿಯ ಪಕ್ಕದಲ್ಲಿ ಮೆಷಿನ್ನು. ಅವಳ ಅಪ್ಪ ತುಳಿದ ಮೆಷಿನ್ನು ಅದು. ಮೋಟಾರು ಹಾಕಿಸಿಕೋ, ಮಂಡಿಗಾದರೂ ಆರಾಮ ಸಿಗುತ್ತದೆ ಎಂದು ಮಗಳು ಗೋಗರೆದು ಸೋತಿದ್ದಳು, ಜಿಪ್ಪಕ್ಕ ಜಗ್ಗಿರಲಿಲ್ಲ. ಕೆಲಸವೇನೋ ಮೊದಲಿನ ಹಾಗಿರಲಿಲ್ಲ. ಹೊಸ ಬಟ್ಟೆ ಹೊಲಿಸುವವರು ನಿಂತೇ ಹೋಗಿದ್ದರು. ಎಲ್ಲರೂ ಫೋನಿನಲ್ಲಿ ನೋಡಿ ತರಿಸಿಕೊಳ್ಳುತ್ತಿದ್ದರು. ಹಾಗೆ ಬಂದ ಪ್ಯಾಂಟು ಯಾರ ಕಾಲಿಗೂ ಹೊಲಿದದ್ದಲ್ಲ, ಎಲ್ಲರಿಗಿಂತಲೂ ಒಂದಿಷ್ಟು ಉದ್ದ. ಅದನ್ನು ಕತ್ತರಿಸಿ, ಮಡಚಿ, ಯಾರೋ ಒಬ್ಬ ಮನುಷ್ಯನದನ್ನಾಗಿ ಮಾಡುವುದು ಅವಳ ಪಾಲಿಗೆ ಬಂದಿತ್ತು. ಅಪ್ಪನ ಕಾಲದಲ್ಲಿ ಅಳತೆ ಕೊಡಲು ಬಂದವರು ಕೈ ಚಾಚಿ ನಿಂತುಕೊಂಡು ಮನೆಯ ಕಥೆಯನ್ನೆಲ್ಲ ಹೇಳುತ್ತಿದ್ದರು. ಟೇಪು ಕೊರಳಿಗೆ ಬಂದಾಗ ಮಾತ್ರ ಬಾಯಿ ಮುಚ್ಚುತ್ತಿದ್ದರು. ಈಗಿನವರು ಬೇಕಾದ ಉದ್ದಕ್ಕೆ ತಾವೇ ಪಿನ್ನು ಚುಚ್ಚಿ ತಂದು, "ಪಿನ್ ಇರೋ ಕಡೆ ಮಡಚಿಬಿಡಿ ಆಂಟಿ" ಎಂದು ಬಾಗಿಲಲ್ಲೇ ಕೊಟ್ಟು ಮಾಯವಾಗುತ್ತಿದ್ದರು. ಕಿವಿಯಲ್ಲಿ ಆ ಬಿಳಿ ಗುಂಡಿಗಳು ಬೇರೆ. ಅವರು ಮಾತಾಡುತ್ತಿರುವುದು ತನ್ನ ಹತ್ತಿರವೋ ಇನ್ನಾರ ಹತ್ತಿರವೋ ತಿಳಿಯದೆ ಅವಳು "ಹೂಂ" ಎಂದು ಉತ್ತರ ಕೊಟ್ಟು ಪೆಚ್ಚಾದದ್ದೂ ಉಂಟು.

ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನೂ ಅಲ್ಲ. ಯಾರಾದರೂ ಹೇಳದೆ ಕೇಳದೆ ಮನೆಗೆ ಬರಬೇಕು. ಬಂದು ಒಂದಿಷ್ಟು ಹೊತ್ತು ಕೂರಬೇಕು. ಅಷ್ಟೇ.

ಅಪ್ಪನ ಅಂಗಡಿಯ ಹಿಂದಿದ್ದ ಒಂದೇ ಕೋಣೆಯಲ್ಲಿ ಅವಳೂ ತಂಗಿಯೂ ಬೆಳೆದದ್ದು. ಆ ಕೋಣೆಗೂ ಬಾಗಿಲಿತ್ತು, ಆದರೆ ಹಗಲಿನಲ್ಲಿ ಅದು ಮುಚ್ಚಿದ್ದನ್ನು ಅವಳು ಕಂಡಿರಲಿಲ್ಲ. ಬೀದಿಯಲ್ಲಿ ಹೋಗುವವರು ಹೋಗುತ್ತಾ ಹೋಗುತ್ತಾ ಒಳಗೆ ಬಂದುಬಿಡುತ್ತಿದ್ದರು. ಬಂದವರು ಬಟ್ಟೆ ಕತ್ತರಿಸುವ ಮೇಜಿನ ಮೂಲೆಯನ್ನು ತಾವೇ ಖಾಲಿ ಮಾಡಿಕೊಂಡು ಕೂರುತ್ತಿದ್ದರು. ಏನು ಬಂದಿರಿ ಎಂದರೆ, "ಸುಮ್ನೆ ಬಂದೆ" ಎನ್ನುತ್ತಿದ್ದರು. ಆ ಉತ್ತರದಲ್ಲಿ ಯಾರಿಗೂ ಏನೂ ಕೊರತೆ ಕಾಣುತ್ತಿರಲಿಲ್ಲ. ಅಮ್ಮ ಗೊಣಗುತ್ತಲೇ ಒಲೆಯ ಮೇಲೆ ನೀರಿಡುತ್ತಿದ್ದಳು. ಅವಳು ಗೊಣಗುವುದು ಬಂದವರಿಗೂ ಕೇಳುತ್ತಿತ್ತು. ಆದರೂ ಅವರು ಎದ್ದು ಹೋಗುತ್ತಿರಲಿಲ್ಲ, ಅಮ್ಮನಿಗೂ ಅವರು ಹೋಗುವುದು ಬೇಕಿರಲಿಲ್ಲ.

ಈಗ ಒಬ್ಬರ ಮನೆಗೆ ಹೋಗುವುದೆಂದರೆ ಮಂತ್ರಿಗಳ ಪ್ರವಾಸದ ಏರ್ಪಾಡು. ಮೊದಲು ಒಂದು ಮೆಸೇಜು. ಅದಕ್ಕೊಂದು ಹೆಬ್ಬೆರಳ ಚಿತ್ರ. ಆಮೇಲೆ ಈ ವಾರ ಬೇಡ, ಮುಂದಿನ ವಾರ ನೋಡೋಣ. ಮುಂದಿನ ವಾರ ಯಾರಿಗೋ ಜ್ವರ. ಇಷ್ಟೆಲ್ಲ ಆಗಿ ಒಂದು ದಿನ ಬಂದೇಬಿಟ್ಟರೆನ್ನಿ, ಆ ಹೊತ್ತಿಗೆ ಮನೆ ಮನೆಯಾಗಿ ಉಳಿದಿರುವುದಿಲ್ಲ. ಸೋಫಾದ ಮೇಲಿನ ಬಟ್ಟೆಯ ರಾಶಿ ಮಂಚದಡಿಗೆ ಹೋಗಿರುತ್ತದೆ, ಮನೆಯವರೆಲ್ಲ ತಲೆ ಬಾಚಿಕೊಂಡು ಫೋಟೋಗೆ ನಿಂತ ಹಾಗೆ ನಿಂತಿರುತ್ತಾರೆ. ಬಂದವರೂ ಹೇಳಿದ ಹೊತ್ತಿಗೆ ಬಂದು ಹೇಳಿದ ಹೊತ್ತಿಗೆ ಹೊರಡುತ್ತಾರೆ. ಇದಕ್ಕೆ ಸಭ್ಯತೆ ಎಂದು ಹೆಸರು. ಇರಬಹುದು, ಯಾರು ಬೇಡ ಎಂದರು? ಜಿಪ್ಪಕ್ಕನಿಗೆ ಮಾತ್ರ ಅಂಥವರು ಹೋದ ಮೇಲೂ ಮನೆಗೆ ಯಾರೋ ಬಂದಿದ್ದರು ಎನ್ನಿಸುತ್ತಿರಲಿಲ್ಲ.

ಹಾಗೆ ನೋಡಿದರೆ ಅವಳು ಕಾಯುತ್ತಿದ್ದದ್ದು ಊರವರನ್ನೆಲ್ಲ ಅಲ್ಲ. ಒಬ್ಬಳನ್ನು. ತಂಗಿಯನ್ನು.

ತಂಗಿ ಊರಿನ ಇನ್ನೊಂದು ತುದಿಯ ದೊಡ್ಡ ಆಸ್ಪತ್ರೆಯಲ್ಲಿ ನರ್ಸು. ಅವಳ ಗಂಡ ಲಾರಿ ಓಡಿಸುವವನು, ಮನೆಯಲ್ಲಿರುವುದಕ್ಕಿಂತ ರಸ್ತೆಯ ಮೇಲಿರುವುದೇ ಹೆಚ್ಚು. ಮಕ್ಕಳಿಲ್ಲ. ತಲೆ ಅರ್ಧ ನರೆತಿದ್ದರೂ ಜಿಪ್ಪಕ್ಕನಿಗೆ ಅವಳು ಪುಟ್ಟಿಯೇ. ಮೊದಲೆಲ್ಲ ಡ್ಯೂಟಿ ಮುಗಿದರೆ ತನ್ನ ಮನೆಯ ಬಸ್ಸು ಹತ್ತುವ ಬದಲು ಅಕ್ಕನ ಮನೆಯ ಬಸ್ಸು ಹತ್ತಿಬಿಡುತ್ತಿದ್ದಳು. ಬೆಲ್ಲು ಒತ್ತುವ ಪದ್ಧತಿಯೇ ಅವಳಿಗಿರಲಿಲ್ಲ. ಒಂದನೇ ಮಹಡಿಯಿಂದಲೇ "ಅಕ್ಕಾ, ಕಾಫಿಗಿಡು" ಎಂದು ಕೂಗಿಕೊಂಡು ಮೆಟ್ಟಿಲು ಹತ್ತುವವಳು. ಬಂದು ಮೆಷಿನ್ನಿನ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತು, ಬಿಚ್ಚಬೇಕಾದ ಹೊಲಿಗೆಗಳನ್ನೆಲ್ಲ ಬ್ಲೇಡಿನಿಂದ ಬಿಚ್ಚಿ ಕೊಡುತ್ತಿದ್ದಳು. ಜೊತೆಗೆ ವಾರ್ಡಿನ ಡಾಕ್ಟರುಗಳ ಅಣಕ. ಒಬ್ಬ ಡಾಕ್ಟರು ಕೆಮ್ಮುವುದನ್ನು ಅವಳು ಮಾಡಿ ತೋರಿಸಿದರೆ ಜಿಪ್ಪಕ್ಕ ನಕ್ಕು ನಕ್ಕು ಹೊಲಿಗೆ ಸೊಟ್ಟಗಾಗಿ ಮತ್ತೆ ಬಿಚ್ಚಬೇಕಾಗುತ್ತಿತ್ತು. ಅವಳು ಹೋದ ಮೇಲೆ, ಇಷ್ಟು ಹೊತ್ತು ಏನು ಮಾತಾಡಿದಿರಿ ಎಂದು ಗಂಡ ಕೇಳಿದರೆ ಹೇಳುವುದಕ್ಕೆ ಒಂದೂ ಇರುತ್ತಿರಲಿಲ್ಲ.

ಅದೆಲ್ಲ ನಿಂತದ್ದು ಒಂದು ಸಣ್ಣ ಮಾತಿನಿಂದ. ಮಗಳು ವಿಮಾ ಕಂಪನಿಯ ಕೆಲಸವನ್ನು ಮನೆಯಲ್ಲೇ ಕೂತು ಮಾಡುತ್ತಿದ್ದ ಕಾಲ ಅದು. ಒಂದು ದಿನ ಅವಳು ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ದೊಡ್ಡವರ ಜೊತೆ ಮಾತಿಗೆ ಕೂತಿದ್ದಾಗ ತಂಗಿಯ ಕೂಗು ಮೆಟ್ಟಿಲಿನಿಂದ ಬಂತು, ಹಿಂದೆಯೇ ತಂಗಿಯೂ ಬಂದಳು. ಮೀಟಿಂಗು ಮುಗಿಸಿ ಹೊರಗೆ ಬಂದ ಮಗಳು ನಗುತ್ತಲೇ, "ಚಿಕ್ಕಮ್ಮ, ಬೇಜಾರ್ ಮಾಡ್ಕೋಬೇಡಿ. ಬರೋ ಮುಂಚೆ ಒಂದು ಫೋನ್ ಮಾಡಿದ್ರೆ ಚೆನ್ನಾಗಿರುತ್ತೆ. ನಿಮ್ಮ ಕಾಫಿ ವಿಷಯ ನಮ್ಮ ಆಫೀಸಿಗೆಲ್ಲ ಗೊತ್ತಾಯ್ತು" ಎಂದಳು. ತಂಗಿಯೂ ನಗುತ್ತಲೇ, "ಅಯ್ಯೋ ಹೌದಲ್ವಾ, ನನಗೆ ಹೊಳೀಲೇ ಇಲ್ಲ ನೋಡು" ಎಂದಳು. ಜಿಪ್ಪಕ್ಕ ಇಬ್ಬರ ನಡುವೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಂದು ಮಾತು ಆಡಬಹುದಿತ್ತು. ಅವಳಿಗ್ಯಾಕೆ ಫೋನು, ಇದು ಅವಳದೇ ಮನೆ ಎನ್ನಬಹುದಿತ್ತು. ದಾರ ಸೂಜಿಯೊಳಗೆ ಹೋಯಿತು, ಮಾತು ಬಾಯಿಂದ ಹೊರಗೆ ಬರಲಿಲ್ಲ.

ಆಮೇಲೆ ತಂಗಿ ಫೋನು ಮಾಡತೊಡಗಿದಳು. "ಇವತ್ತು ಬರ್ಲಾ ಅಕ್ಕ?" ಎಂದು ಕೇಳುತ್ತಿದ್ದಳು. ಕೇಳಿದ ಮೇಲೆ ಜಿಪ್ಪಕ್ಕನಿಗೂ ಯೋಚನೆ ಬರುತ್ತಿತ್ತು: ಇವತ್ತು ಗಂಡನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ನಾಳೆ ನೀರು ಬರುವುದಿಲ್ಲ. ಕೇಳದೆ ಬಂದಿದ್ದರೆ ಇವು ಯಾವುವೂ ಅಡ್ಡಿಯಾಗುತ್ತಿರಲಿಲ್ಲ. ಬರುವುದು ತಿಂಗಳಿಗೊಮ್ಮೆಯಾಯಿತು, ಆಮೇಲೆ ಯಾವಾಗಲೋ ಒಮ್ಮೆಯಾಯಿತು. ಮಗಳು ಈಗ ದಿನವೂ ಆಫೀಸಿಗೇ ಹೋಗುತ್ತಿದ್ದಳು, ಹಗಲೆಲ್ಲ ಮನೆ ಖಾಲಿ ಹೊಡೆಯುತ್ತಿತ್ತು. ಆದರೆ ಒಮ್ಮೆ ಕಲಿತ ಫೋನಿನ ಅಭ್ಯಾಸ ತಂಗಿಯನ್ನು ಬಿಡಲಿಲ್ಲ.

ಒಂದೇ ಒಂದು ಆಸೆ ಉಳಿದಿತ್ತು. ತಂಗಿ ಆ ವರ್ಷ ನಿವೃತ್ತಳಾಗುವವಳಿದ್ದಳು. "ರಿಟೈರ್ ಆಗ್ಲಿ ಅಕ್ಕ, ಆಮೇಲೆ ನೋಡು. ದಿನಾ ಮಧ್ಯಾಹ್ನ ಬಂದು ನಿನ್ನ ಮೆಷಿನ್ ಪಕ್ಕ ಬಿದ್ಕೊಂಡಿರ್ತೀನಿ, ಓಡ್ಸಿದ್ರೂ ಹೋಗಲ್ಲ," ಎಂದು ಫೋನಿನಲ್ಲಿ ಹೇಳಿದ್ದಳು. ಜಿಪ್ಪಕ್ಕ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮುಂದಿನ ತಿಂಗಳ ಕೊನೆ, ಆಮೇಲೆ ದಿನವೂ ಮಧ್ಯಾಹ್ನ. ಜಿಪ್ಪಕ್ಕನ ಗಂಡ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವನು. "ನಮ್ಮ ಬಸ್ಸುಗಳೂ ಬೋರ್ಡಿನ ಮೇಲೆ ದಿನಾ ಬರ್ತಿದ್ವು ಕಣೇ" ಎಂದು ಅವಳ ಕಾಲೆಳೆಯುತ್ತಿದ್ದ. ಅವನಿಗೇನು, ಊಟವಾದ ಕೂಡಲೇ ಪಾರ್ಕಿನ ಬೆಂಚಿಗೆ ಹೋದರೆ ಹಳೇ ಡ್ರೈವರು ಕಂಡಕ್ಟರುಗಳ ಮಧ್ಯೆ ಸಂಜೆಯವರೆಗೆ ಬಾಯಿಗೆ ಬಿಡುವಿಲ್ಲ. ಮಧ್ಯಾಹ್ನಗಳು ಉದ್ದವಾಗಿದ್ದದ್ದು ಅವಳಿಗೆ ಮಾತ್ರ.

ಉದ್ದ, ಆದರೆ ಸದ್ದಿಲ್ಲದ ಮಧ್ಯಾಹ್ನಗಳೇನಲ್ಲ. ಬೆಲ್ಲು ಹೊಡೆದುಕೊಳ್ಳುತ್ತಲೇ ಇರುತ್ತಿತ್ತು. ಇದು ಇನ್ನೊಂದು ಕಥೆ. ಕಟ್ಟಡದವರೆಲ್ಲ ಫೋನಿನಲ್ಲಿ ಸಾಮಾನು ತರಿಸುವವರು, ಹಗಲಿನಲ್ಲಿ ಒಬ್ಬರೂ ಮನೆಯಲ್ಲಿರದವರು. ಪಾರ್ಸೆಲ್ಲು ತಂದವನು ಕರೆ ಮಾಡಿದರೆ, "ಜಿಪ್ಪಕ್ಕನ ಮನೇಲಿ ಕೊಟ್ಬಿಡಿ, ಅವರು ಎಲ್ಲೂ ಹೋಗಲ್ಲ" ಎಂದುಬಿಡುತ್ತಿದ್ದರು. ನೋಡನೋಡುತ್ತಾ ಅವಳ ಮುಂದಿನ ಕೋಣೆ ಗೋದಾಮಾಯಿತು. ಯಾರದೋ ಬೂಟು, ಯಾರದೋ ಮಿಕ್ಸರು, ಯಾರದೋ ನಾಯಿಯ ಊಟ. ಇದಕ್ಕಾದರೂ ಅವಳು ಬೇಸರಪಡುತ್ತಿರಲಿಲ್ಲವೇನೋ. ಆದರೆ ಬೆಲ್ಲು ಬಾರಿಸಿದಾಗಲೆಲ್ಲ ಅವಳ ಜೀವ ಒಮ್ಮೆ ಎದ್ದು ನಿಲ್ಲುತ್ತಿತ್ತು, ಯಾರೋ ಬಂದರು ಎಂದು. ಮಂಡಿ ಹಿಡಿದುಕೊಂಡು ಹೋಗಿ ಬಾಗಿಲು ತೆರೆದರೆ ಒಂದು ರಟ್ಟಿನ ಡಬ್ಬ, ಡಬ್ಬದ ಹಿಂದೆ ಫೋನು ನೋಡುತ್ತಿರುವ ಒಂದು ತಲೆ. ದಿನಕ್ಕೆ ಎಷ್ಟು ಸಲ ಎಂದು ಎದ್ದು ನಿಲ್ಲುವುದು? ಆಸೆಪಟ್ಟು ಆಸೆಪಟ್ಟು ಅವಳಿಗೆ ಸುಸ್ತಾಗಿಹೋಯಿತು. ಕೊನೆಗೆ ಗಂಡ, "ಮಧ್ಯಾಹ್ನ ಬೆಲ್ ಹೊಡೆದ್ರೆ ಏಳ್ಬೇಡ. ಎರಡು ದಿನ ತೆಗೀದಿದ್ರೆ ಅವರೇ ಬುದ್ಧಿ ಕಲೀತಾರೆ" ಎಂದ. ಅವಳಿಗೂ ಅದು ಸರಿಯೆನಿಸಿತು. ಬೆಲ್ಲು ಬಾರಿಸಿದರೆ ಪೆಡಲಿನಿಂದ ಕಾಲು ತೆಗೆದು, ಉಸಿರು ಬಿಗಿಹಿಡಿದು ಕೂತುಬಿಡುವುದು. ಹೆಜ್ಜೆ ಸದ್ದು ದೂರವಾದ ಮೇಲೆ ಮತ್ತೆ ತುಳಿಯುವುದು. ಕಳ್ಳರು ಹೊರಗಿರುವುದನ್ನು ಎಲ್ಲರೂ ಕೇಳಿದ್ದೇವೆ, ಇವಳು ತನ್ನ ಮನೆಯಲ್ಲೇ ಕಳ್ಳಿಯಾದಳು.

ಅಂದು ಮಧ್ಯಾಹ್ನ ಅವಳು ಶಾಲೆಯ ಪ್ಯಾಂಟೊಂದರ ಅಂಚು ಹೊಲಿಯುತ್ತಿದ್ದಳು. ಬೆಲ್ಲು ಬಾರಿಸಿತು. ಅವಳು ಕಾಲು ಎತ್ತಿದಳು. ಮೆಷಿನ್ನು ನಿಂತಿತು. ಹೊರಗೆ ಏನೋ ಒಂದಿಷ್ಟು ಸರಪರ ಸದ್ದು. ಡಬ್ಬ ಇಳಿಸುತ್ತಿದ್ದಾನೆ, ನೀನು ಎಷ್ಟು ಇಳಿಸಿದರೂ ನಾನು ಏಳುವವಳಲ್ಲ ಎಂದುಕೊಂಡಳು. ಬೆಲ್ಲು ಇನ್ನೊಮ್ಮೆ ಬಾರಿಸಿತು, ಈ ಸಲ ಮೆತ್ತಗೆ, ಗಿಡ್ಡವಾಗಿ. ಅವಳು ಕಿಟಕಿಯಾಚೆ ನೋಡುತ್ತಾ ಕೂತಳು. ಎದುರು ಕಟ್ಟಡದ ಬಾಲ್ಕನಿಯಲ್ಲಿ ಯಾರದೋ ಒದ್ದೆ ಚಾದರ ಗಾಳಿಗೆ ಆಡುತ್ತಿತ್ತು. ಹೊರಗಿನವರು ಹೊರಟುಹೋಗಲು ಅಂದು ಯಾಕೋ ಬಹಳ ಹೊತ್ತು ಹಿಡಿಯಿತು. ಕೊನೆಗೆ ಹೆಜ್ಜೆಗಳು ಮೆಟ್ಟಿಲಿಳಿದವು. ಗೆದ್ದವಳಂತೆ ಅವಳು ಪೆಡಲ್ ತುಳಿದಳು.

ಸಂಜೆ ದಾರ ತರಲು ಕೆಳಗಿಳಿದಾಗ ಗೇಟಿನ ವಾಚ್‌ಮನ್ ಕುರ್ಚಿಯಿಂದ ಎದ್ದ. ವಯಸ್ಸಾದವನು, ಬರುವವರು ಹೋಗುವವರ ಮುಖವೆಲ್ಲ ಅವನಿಗೆ ಪರಿಚಯ.

"ಏನಮ್ಮಾ, ತಂಗಿಯವರು ಅಷ್ಟು ಬೇಗ ಹೊರಟುಬಿಟ್ರು?"

"ಯಾವ ತಂಗಿ?" ಎಂದಳು ಜಿಪ್ಪಕ್ಕ, ತನಗೆ ಹತ್ತು ಜನ ತಂಗಿಯರಿರುವ ಹಾಗೆ.

"ನಿಮ್ಮ ತಂಗಿನೇ. ನರ್ಸಮ್ಮ. ಮಧ್ಯಾಹ್ನ ಬಂದಿದ್ರಲ್ಲ. ಮೇಲೆ ಹೋದ್ರು, ಹಾಗೇ ಇಳಿದು ಬಂದ್ರು. ಯಾಕಮ್ಮಾ, ಮನೇಲಿಲ್ವಾ ಅಂತ ಕೇಳ್ದೆ. 'ಇದ್ದಾಳೆ, ಕೆಲಸದಲ್ಲಿದ್ದಾಳೆ, ಇರ್ಲಿ ಬಿಡಿ' ಅಂದ್ರು."

ಜಿಪ್ಪಕ್ಕ ದಾರ ತರುವುದನ್ನು ಮರೆತು ಹಾಗೇ ಮೇಲೆ ಬಂದಳು. ಬಂದವಳು ಫೋನು ಹಿಡಿದು ಕೂತಳು. ವರ್ಷಗಟ್ಟಲೆ ಯಾವ ಬೆಲ್ಲಿಗಾಗಿ ಕಿವಿ ಕೊಟ್ಟು ಕೂತಿದ್ದಳೋ ಅದೇ ಬಾರಿಸಿತ್ತು, ಎರಡೆರಡು ಸಲ, ಆಗ ತಾನೋ ಗೆದ್ದೆನೆಂದು ಬೀಗುತ್ತಾ ಒದ್ದೆ ಚಾದರ ನೋಡುತ್ತಿದ್ದಳು. ನಿಜ ಹೇಳಿಬಿಡಬೇಕು ಎಂದುಕೊಂಡೇ ಅವಳು ಫೋನು ಮಾಡಿದ್ದು. ಆದರೆ ಆ ಕಡೆಯಿಂದ "ಹೇಳಕ್ಕ" ಎಂಬ ಮೆತ್ತನೆಯ ದನಿ ಕೇಳಿದ ಕೂಡಲೇ ಧೈರ್ಯ ಕೈಕೊಟ್ಟಿತು.

"ಪುಟ್ಟಿ, ಮಧ್ಯಾಹ್ನ ಬಂದಿದ್ಯಂತೆ. ನನಗೆ ನಿದ್ದೆ ಹತ್ತಿಬಿಟ್ಟಿತ್ತು ಕಣೇ. ಗೊತ್ತೇ ಆಗ್ಲಿಲ್ಲ."



"ಹೌದಾ," ಎಂದಳು ತಂಗಿ. "ಒಳ್ಳೇದಾಯ್ತು ಬಿಡು. ಮಧ್ಯಾಹ್ನ ಸ್ವಲ್ಪ ಮಲಗ್ಬೇಕು ನೀನು. ಕಾಲು ಹೇಗಿದೆ?"

ಕಾಲಿನ ವಿಷಯ, ಮಾತ್ರೆಯ ವಿಷಯ ಮಾತಾಡಿದರು. ಯಾಕೆ ಬಂದಿದ್ದೆ ಎಂದು ಇವಳು ಕೇಳಲಿಲ್ಲ, ಅವಳು ಹೇಳಲಿಲ್ಲ. ಫೋನು ಇಟ್ಟ ಮೇಲೆ ಜಿಪ್ಪಕ್ಕ ಮನಸ್ಸು ಬೇರೆ ಕಡೆ ಹೋಗಲಿ ಎಂದು ಮೆಷಿನ್ನಿಗೆ ಕೂತಳು. ಸ್ವಲ್ಪ ಹೊತ್ತಿಗೆ ಮಗಳು ಆಫೀಸಿನಿಂದ ಬಂದಳು. ಚೀಲ ಸೋಫಾದ ಮೇಲೆ ಎಸೆದು, "ಈ ಮೆಷಿನ್ನಿಗೆ ಎಣ್ಣೆ ಬಿಡಮ್ಮಾ, ಒಂದನೇ ಮಹಡಿಯಿಂದಾನೇ ಕೇಳುತ್ತೆ" ಎಂದಳು.

ಜಿಪ್ಪಕ್ಕ ಪೆಡಲಿನಿಂದ ಕಾಲು ತೆಗೆದಳು. ತಂಗಿ ಆ ಸದ್ದು ಕೇಳಿಕೊಂಡೇ ಮೆಟ್ಟಿಲು ಹತ್ತಿದ್ದಳು. ತಾನು ಬೆಲ್ಲು ಒತ್ತಿದೊಡನೆ ಅದು ನಿಂತದ್ದನ್ನೂ ಕೇಳಿದ್ದಳು. ವಾಚ್‌ಮನ್‌ಗೆ 'ಕೆಲಸದಲ್ಲಿದ್ದಾಳೆ' ಎಂದದ್ದು ಅದಕ್ಕೇ. ಅಪ್ಪನ ಮೆಷಿನ್ನಿನ ಸದ್ದನ್ನು ಹುಟ್ಟಿದಾಗಿನಿಂದ ಕೇಳಿದವಳು ಅವಳು. ಅದು ತಾನಾಗಿ ನಿಲ್ಲುವುದಿಲ್ಲ, ಕಾಲೆತ್ತಿದರೆ ಮಾತ್ರ ನಿಲ್ಲುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇಷ್ಟರ ಮೇಲೆ ಫೋನು ಮಾಡಿ ನಿದ್ದೆ ಎಂದು ಬೇರೆ ಹೇಳಿದ್ದಾಯಿತು. ಆ ನಿದ್ದೆಯನ್ನು ತಂಗಿ ಒಳ್ಳೇದಾಯ್ತು ಎಂದು ಒಪ್ಪಿಕೊಂಡಿದ್ದಳು. ಬೈದಿದ್ದರೆ ಇದಕ್ಕಿಂತ ವಾಸಿಯಿತ್ತು.

ಭಾನುವಾರ ಬೆಳಿಗ್ಗೆ ಅವಳು ಚಪ್ಪಲಿ ಮೆಟ್ಟಿದ್ದನ್ನು ನೋಡಿ ಮಗಳು ತಲೆಯೆತ್ತಿದಳು.

"ಎಲ್ಲಿಗಮ್ಮ?"

"ಚಿಕ್ಕಮ್ಮನ ಮನೆಗೆ."

"ಹೇಳಿದ್ಯಾ ಅವರಿಗೆ?"

"ಇಲ್ಲ."

"ಅವರು ಇಲ್ದೇ ಇದ್ರೆ?"

"ಇಲ್ದೇ ಇದ್ರೆ ವಾಪಸ್ ಬರ್ತೀನಿ. ಏನ್ ಗಂಟು ಹೋಗುತ್ತೆ?"

ಮಗಳು ಅಮ್ಮನ ಮುಖ ನೋಡಿ, ಅವಳ ಚೀಲಕ್ಕೆ ನೀರಿನ ಬಾಟಲಿ ತಂದಿಟ್ಟಳು. ಗಂಡ ಮಾತ್ರ ಪೇಪರಿನ ಹಿಂದಿನಿಂದ ಯಾವ ಬಸ್ಸು, ಎಲ್ಲಿ ಬದಲಾಯಿಸಬೇಕು, ಯಾವುದರಲ್ಲಿ ಸೀಟು ಸಿಗುತ್ತದೆ ಎಂದು ಡಿಪೋದ ಗತ್ತಿನಲ್ಲೇ ಹೇಳಿದ. ಬಸ್ಸಿನಲ್ಲಿ ಕೂತಾಗ ಜಿಪ್ಪಕ್ಕನ ಕೈ ತಾನಾಗಿ ಫೋನಿನ ಕಡೆ ಹೋಯಿತು. ಒಂದು ಮಾತು ಹೇಳಿಬಿಡಲೇ? ಅವಳು ಮಲಗಿದ್ದರೆ? ಡ್ಯೂಟಿಯಿದ್ದರೆ? ಬೇರೆ ಯಾರಾದರೂ ಬಂದಿದ್ದರೆ? ತಂಗಿಯ ಮನೆಗೆ ಹೋಗಲು ತನಗೇ ಇಷ್ಟು ಅಳುಕು ಇರುವುದು ನೋಡಿ ಅವಳಿಗೆ ನಾಚಿಕೆಯಾಯಿತು. ತಾನೇನೋ ಹಳೇ ಕಾಲದವಳು, ಈಗಿನವರು ಕೆಟ್ಟರು ಎಂದು ಇಷ್ಟು ದಿನ ಮೂಗು ಮುರಿದದ್ದೆಲ್ಲ ಬರೀ ಬಾಯಿಮಾತು. ತಾನೂ ಅವರ ಹಾಗೇ ಆಗಿಹೋಗಿದ್ದಳು, ಯಾವಾಗ ಆದದ್ದು ಎಂದು ಮಾತ್ರ ತಿಳಿಯಲಿಲ್ಲ. ಫೋನನ್ನು ಚೀಲದ ತಳಕ್ಕೆ ತುರುಕಿದಳು.

ತಂಗಿಯದು ಓಣಿಯ ಕೊನೆಯ ಚಿಕ್ಕ ಮನೆ. ಬೆಲ್ಲು ಒತ್ತಿದಳು. ಬಾಗಿಲು ತೆರೆದ ತಂಗಿಯ ಮುಖ ಬಿಳಚಿಕೊಂಡಿತು.

"ಏನಾಯ್ತು ಅಕ್ಕ? ಭಾವ ಹೇಗಿದ್ದಾರೆ? ಮಗು?"

"ಎಲ್ಲ ಚೆನ್ನಾಗಿದ್ದಾರೆ."

"ಮತ್ತೆ? ಫೋನೂ ಮಾಡ್ದೇ..." ತಂಗಿಯ ಕೈ ಇನ್ನೂ ಬಾಗಿಲ ಚಿಲಕದ ಮೇಲೆಯೇ ಇತ್ತು. "ನಿಜ ಹೇಳು, ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ ಪುಟ್ಟಿ. ಸುಮ್ನೆ ಬಂದೆ."

ತಂಗಿ ಅವಳನ್ನೇ ನೋಡಿದಳು. ಕೆಟ್ಟ ಸುದ್ದಿ ಬಿಟ್ಟು ಬೇರೆ ಯಾವುದೂ ಹೇಳದೆ ಬಾಗಿಲಿಗೆ ಬರದ ಕಾಲ ಇದು, ಅವಳದೇನು ತಪ್ಪು? ಆಮೇಲೆ ದೊಡ್ಡ ಉಸಿರು ಬಿಟ್ಟು, "ಜೀವ ಬಾಯಿಗೆ ಬಂದಿತ್ತು ನೋಡು" ಎನ್ನುತ್ತಾ ಅಕ್ಕನ ಕೈ ಹಿಡಿದು ಒಳಗೆ ಕರೆದುಕೊಂಡಳು.

ಅಡುಗೆಮನೆಯ ಪುಟ್ಟ ಮೇಜಿನ ಮುಂದೆ ಇಬ್ಬರೂ ಕೂತರು. ಕಾಫಿ ಬಂತು. ಕುರ್ಚಿಯ ಬೆನ್ನಿಗೆ ಹೊಸದೊಂದು ಬಿಳಿ ಕೋಟು ತೂಗುತ್ತಿತ್ತು. ಅದರ ತೋಳು ಬಹಳ ಉದ್ದ ಎಂದು ಜಿಪ್ಪಕ್ಕನ ಕಣ್ಣು ಕೂಡಲೇ ಹಿಡಿಯಿತು.

"ಆಸ್ಪತ್ರೇಲಿ ಹೊಸ ಯೂನಿಫಾರ್ಮಾ?"

"ಆಸ್ಪತ್ರೆ ಮುಗೀತಲ್ಲಕ್ಕ. ಉಳಿದಿದ್ದ ರಜೆಯೆಲ್ಲ ಸೇರಿಸಿ ಒಂದು ತಿಂಗಳು ಮುಂಚೇನೇ ಕಳಿಸಿಬಿಟ್ರು. ಇದು ಇಲ್ಲೇ ಪಕ್ಕದ ಬೀದಿ ಕ್ಲಿನಿಕ್ಕಿಂದು. ಬೆಳಿಗ್ಗೆಯಿಂದ ಸಂಜೆವರೆಗೂ. ಆ ಡಾಕ್ಟರು ಎಷ್ಟೋ ದಿನದಿಂದ ಕರೀತಿದ್ರು. ಹೂಂ ಅಂದುಬಿಟ್ಟೆ."

ಜಿಪ್ಪಕ್ಕ ಲೋಟವನ್ನು ಮೇಜಿನ ಮೇಲಿಟ್ಟಳು.

"ದಿನಾ ಮಧ್ಯಾಹ್ನ ಬರ್ತೀನಿ ಅಂದಿದ್ದೆ," ಎಂದಳು. ದೂರುವ ದನಿ ಬೇಡವೆಂದರೂ ಬಂದುಬಿಟ್ಟಿತು.

"ಬಂದೆನಲ್ಲ."

ತಂಗಿ ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಮೇಜಿನ ಮೇಲೆ ಚೆಲ್ಲಿದ್ದ ಒಂದು ಹನಿ ಕಾಫಿಯನ್ನು ಬೆರಳಿನಿಂದ ಒರೆಸುತ್ತಾ ಹೇಳಿದಳು.

"ಕೆಲಸ ಬಿಟ್ಟ ಮಾರನೇ ದಿನ ಅದು. ಬೆಳಿಗ್ಗೆ ಎದ್ದು ಮನೆಯೆಲ್ಲ ಒರೆಸ್ದೆ. ಆಮೇಲೆ ಏನ್ ಮಾಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ. ಬಸ್ ಸ್ಟಾಪಿಗೆ ಬಂದ್ರೆ ನಿಮ್ಮ ಕಡೆ ಬಸ್ಸೇ ನಿಂತಿತ್ತು. ಫೋನ್ ಮಾಡ್ಬೇಕು ಅನ್ಕೊಂಡೆ. ಆಮೇಲೆ ಅನ್ನಿಸ್ತು, ರಿಟೈರ್ ಆದೋಳು ನಾನು, ಇನ್ನೂ ಎಂಥ ಫೋನು, ಮೊದಲಿನ ಹಾಗೆ ಹೋಗೋಣ ಅಂತ. ಕೆಳಗಡೇನೇ ಮೆಷಿನ್ ಸದ್ದು ಕೇಳ್ತು. ಎಷ್ಟು ಖುಷಿಯಾಯ್ತು ಗೊತ್ತಾ? ಕೂಗೋಣ ಅಂತ ಬಾಯಿಗೇ ಬಂದಿತ್ತು. ಒಳಗೆ ಮಗು ಮೀಟಿಂಗಲ್ಲಿದ್ರೆ ಅಂತ ಬೆಲ್ ಒತ್ತಿದೆ. ಮೆಷಿನ್ ನಿಂತ್ಕೊಳ್ತು. ನೀನು ಎದ್ದು ಬರ್ತಿದ್ದೀಯ ಅಂತ ಚಪ್ಪಲಿ ಬಿಟ್ಟೆ."

ಜಿಪ್ಪಕ್ಕನಿಗೆ ಆ ಸರಪರ ಸದ್ದು ಈಗ ಕಿವಿಯಲ್ಲೇ ಆದ ಹಾಗಾಯಿತು.

"ಆಮೇಲೆ ಸ್ವಲ್ಪ ಹೊತ್ತು ಬರಿಗಾಲಲ್ಲಿ ನಿಂತಿದ್ದೆ," ಎಂದಳು ತಂಗಿ. "ಮತ್ತೆ ಹಾಕ್ಕೊಂಡೆ."

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಜಿಪ್ಪಕ್ಕನಿಗೆ ಈಗ ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ.

"ನಿದ್ದೆ ಬಂದಿರ್ಲಿಲ್ಲ ಪುಟ್ಟಿ. ಒಳಗೇ ಕೂತಿದ್ದೆ."

"ಗೊತ್ತು."

"ಪಾರ್ಸೆಲ್ನವನು ಅನ್ಕೊಂಡೆ. ದಿನಾ ಬಂದು ಬಂದು ಬೆಲ್ ಒತ್ತಾರೆ, ದಿನಾ ಯಾರೋ ಬಂದ್ರು ಅಂತ ಓಡ್ತೀನಿ. ನೀನೇ ಇರ್ಬಹುದು ಅಂತ ಓಡ್ತೀನಿ. ನೀನಾಗಿರಲ್ಲ. ಅದಕ್ಕೇ ಓಡೋದು ಬಿಟ್ಟುಬಿಟ್ಟಿದ್ದೆ ಕಣೇ. ಬಿಟ್ಟಿದ್ದಾಗ್ಲೇ ನೀನು ಬಂದೆ."

ತಂಗಿ ನಗಲು ಹೋದಳು. ನಗು ಅರ್ಧಕ್ಕೇ ನಿಂತು ಕಣ್ಣು ತುಂಬಿತು. ಜಿಪ್ಪಕ್ಕನಂತೂ ಸೆರಗೋ ಕರವಸ್ತ್ರವೋ ಹುಡುಕದೆ ಅಂಗೈಯಿಂದಲೇ ಮುಖ ಒರೆಸಿಕೊಂಡಳು. ಸಣ್ಣವರಿದ್ದಾಗ ಜಗಳವಾಡಿ ಅತ್ತರೆ ಅಪ್ಪ ಚಿಂದಿ ಬಟ್ಟೆಯ ತುಂಡು ಕೊಡುತ್ತಿದ್ದರು. ಈಗ ಇಬ್ಬರೂ ತಮ್ಮ ತಮ್ಮ ಕೈಯನ್ನೇ ನಂಬಬೇಕಾಯಿತು.

"ಕ್ಲಿನಿಕ್ಕಿಗೆ ಯಾವತ್ತು ಹೂಂ ಅಂದೆ?" ಎಂದು ಜಿಪ್ಪಕ್ಕ ಕೇಳಿದಳು. ಉತ್ತರ ಅವಳಿಗೆ ಗೊತ್ತಿತ್ತು.

"ನಿಮ್ಮನೆಗೆ ಬಂದು ಹೋದ್ನಲ್ಲ, ಅವತ್ತೇ ಸಂಜೆ. ಎಲ್ಲರಿಗೂ ಅವರವರ ಕೆಲಸ ಇದೆ, ನಾನೊಬ್ಳೇ ಊರೆಲ್ಲ ಸುತ್ಕೊಂಡು ಯಾಕೆ ಜನರನ್ನ ಎಬ್ಬಿಸ್ಲಿ ಅನ್ನಿಸ್ತು."

"ಬಿಡಕ್ಕಾಗಲ್ವಾ?"

"ಒಪ್ಕೊಂಡಾಗಿದೆ ಅಕ್ಕ. ಅಲ್ಲಿ ಬೇರೆ ಯಾರೂ ಇಲ್ಲ." ತಂಗಿ ಎದ್ದು ಲೋಟಗಳನ್ನು ತೊಳೆಯತೊಡಗಿದಳು. "ಭಾನುವಾರ ರಜಾ. ಆವಾಗ ಬರ್ತೀನಿ. ಹೊರಡೋ ಮುಂಚೆ ಫೋನ್ ಮಾಡ್ತೀನಿ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಅಕ್ಕನಿಗೆ ತೊಂದರೆಯಾಗಬಾರದೆಂಬ ಕಾಳಜಿಯೇ ಇತ್ತು. ಕೊಂಕಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಜಿಪ್ಪಕ್ಕ ಕುರ್ಚಿಯ ಮೇಲಿದ್ದ ಬಿಳಿ ಕೋಟನ್ನು ಎಳೆದುಕೊಂಡು, ತಂಗಿಯನ್ನು ಕೈ ಚಾಚಿ ನಿಲ್ಲಿಸಿ, ತೋಳು ಎಲ್ಲಿಗೆ ಬರಬೇಕೆಂದು ಗೇಣಿನಿಂದಲೇ ಅಳೆದಳು. ಮಧ್ಯಾಹ್ನದವರೆಗೂ ಕೂತು ಸೂಜಿಯಿಂದ ಆ ತೋಳುಗಳನ್ನು ಮಡಚಿ ಹೊಲಿದು ಕೊಟ್ಟಳು. ತಂಗಿ ಅವಳ ಎದುರಿಗೆ ನೆಲದ ಮೇಲೆ ಕಾಲು ಚಾಚಿ ಕೂತು ಕ್ಲಿನಿಕ್ಕಿನ ಹೊಸ ಡಾಕ್ಟರು ಹೇಗೆ ಸೀನುತ್ತಾರೆಂದು ಮಾಡಿ ತೋರಿಸಿದಳು. ಅಂದು ಬಸ್ಸು ಹತ್ತುವವರೆಗೂ ಇಬ್ಬರೂ ಬಹಳ ನಕ್ಕರು.

ಈಗಲೂ ಮಧ್ಯಾಹ್ನದ ಹೊತ್ತು ಜಿಪ್ಪಕ್ಕನ ಮನೆಯ ಬೆಲ್ಲು ಬಾರಿಸುತ್ತದೆ. ಬಾರಿಸಿದ ಕೂಡಲೇ ಅವಳು, ಕಾಲು ಇನ್ನೂ ಪೆಡಲಿನ ಮೇಲಿರುವಾಗಲೇ, "ಇದ್ದೀನಿ, ಬಂದೆ" ಎಂದು ಮೆಟ್ಟಿಲಿಗೆಲ್ಲ ಕೇಳುವ ಹಾಗೆ ಕೂಗುತ್ತಾಳೆ. ಮುಂದಿನ ಕೋಣೆಯಲ್ಲಿ ಡಬ್ಬಗಳು ಮತ್ತೆ ಗೋಡೆಯೆತ್ತರ ಬೆಳೆದಿವೆ, ನಡೆಯಲು ಜಾಗವಿಲ್ಲ ಎಂದು ಗಂಡ ಗೊಣಗುತ್ತಾನೆ. ಆ ಹೊತ್ತಿಗೆ ತಂಗಿ ಕ್ಲಿನಿಕ್ಕಿನಲ್ಲಿ ಯಾರದೋ ತೋಳಿಗೆ ಇಂಜೆಕ್ಷನ್ ಕೊಡುತ್ತಿರುತ್ತಾಳೆ, ಬಂದವಳು ಅವಳಾಗಿರಲು ಸಾಧ್ಯವೇ ಇಲ್ಲ ಎಂದು ಜಿಪ್ಪಕ್ಕನಿಗೆ ಚೆನ್ನಾಗಿ ಗೊತ್ತು. ಆದರೂ ಬಾಗಿಲು ತೆರೆದಾಗ ಅವಳು ಡಬ್ಬ ಹಿಡಿದು ನಿಂತವನ ಮುಖವನ್ನು ಮೊದಲು ನೋಡುವುದಿಲ್ಲ. ಹೊಸ್ತಿಲಾಚೆ ನೆಲದ ಮೇಲೆ ಯಾರಾದರೂ ಚಪ್ಪಲಿ ಬಿಟ್ಟಿದ್ದಾರೆಯೇ ಎಂದು ನೋಡುತ್ತಾಳೆ.